ಬೆಕ್ಕಿಗೆ ಇಟ್ಟ ಕಲ್ಲು

ಕಲಬುರಗಿ ಸೀಮೆಯ ಅರ್ಧದಷ್ಟು ಮನೆಗಳನ್ನು ಕಟ್ಟಿದವನು ನಾನೇ. ಸರಿ, ಸುಳ್ಳು. ನಾನು ಕಟ್ಟಿದ್ದು ಒಂದೇ ಒಂದು ಕೋಳಿಗೂಡು, ಅದರೊಳಗೂ ಕೋಳಿ ಕಾಲಿಡಲಿಲ್ಲ. ಆದರೆ ಈ ಕಥೆಯ ಗೌಂಡಿ ಮೌಲಾಸಾಬ ನಿಜವಾಗಿ ಮನೆ ಕಟ್ಟುವವನು. ಮಿಕ್ಕಿದ್ದರಲ್ಲೂ ಮುಕ್ಕಾಲು ಪಾಲು ನಿಜ.

ಮೌಲಾಸಾಬ ಒಂದೇ ಓಣಿಯಲ್ಲಿ ಅಕ್ಕಪಕ್ಕ ಎರಡು ಮಣ್ಣಿನ ಮಾಳಿಗೆಯ ಮನೆ ಕಟ್ಟಿದ್ದ. ಅದೇ ಕಲ್ಲು, ಅದೇ ಮಣ್ಣು, ಅಷ್ಟೇ ಕಿಟಕಿ. ಬೆಳಕು, ಗಾಳಿಗೆಂದು ಎರಡರ ಮಾಳಿಗೆಯಲ್ಲೂ ಒಂದೊಂದು ಗವಾಕ್ಷಿ. ಒಂದರಲ್ಲಿ ಭೀಮಶಾ ಮತ್ತು ಅವನ ಹೆಂಡತಿ ಮಾಣಿಕಬಾಯಿ. ಇನ್ನೊಂದರಲ್ಲಿ ಲಾಲಮ್ಮ ಎಂಬ ಮುದುಕಿ. ಲಾಲಮ್ಮನ ಮನೆ ಬಾವಿಯ ಹಾಗೆ ತಂಪು. ಭೀಮಶಾನ ಮನೆ ಕಾದ ಹೆಂಚು.

ಆ ಬೇಸಿಗೆಯಲ್ಲಿ ಭೀಮಶಾನ ಮಗಳು ಜಗದೇವಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮೂರು ದಿನಕ್ಕೆ ಮೈಯೆಲ್ಲ ಬೆವರುಸಾಲೆ. ನಾಲ್ಕನೆಯ ದಿನ ಬಟ್ಟೆ ಗಂಟು ಕಟ್ಟಿ, ಗಂಡನ ಮನೆಗೇ ಹೋಗುತ್ತೇನೆ ಅಂದಳು. ಚೊಚ್ಚಲ ಬಸುರಿ ತವರಿನಿಂದ ತಿರುಗಿ ಹೋಗುವುದೆಂದರೆ ಸಣ್ಣ ಮಾತೇ? ಮಾಣಿಕಬಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಭೀಮಶಾ ನೇರ ಗೌಂಡಿಯ ಮನೆಗೆ ಹೋಗಿ, ಗೋಡೆಯಲ್ಲೇ ಏನೋ ಮೋಸವಿದೆ, ಒಡೆದು ಹೊಸದಾಗಿ ಕಟ್ಟಿಕೊಡು ಎಂದು ಪಟ್ಟು ಹಿಡಿದು ಕೂತ.

ಮೌಲಾಸಾಬ ಗಾರೆಯ ಕರಣಿ ಮುಟ್ಟಲಿಲ್ಲ.

"ಎಂಟು ದಿನ ಲಾಲಮ್ಮನ ಮನ್ಯಾಗ ನೀವಿರ್ರಿ, ನಿಮ್ಮ ಮನ್ಯಾಗ ಆಕಿ ಇರ್ಲಿ. ಆಮ್ಯಾಲೂ ಒಡಿ ಅಂದ್ರ ಒಡೀತೀನಿ."

ಲಾಲಮ್ಮ ಒಪ್ಪಿದಳು. ಎಂಟು ದಿನದ ಮಟ್ಟಿಗೆ ಜಗದೇವಿಯೂ ಗಂಟು ಬಿಚ್ಚಿದಳು.

ಮೊದಲ ದಿನ ಸುಖವೋ ಸುಖ. ಆಮೇಲೆ ಭೀಮಶಾನ ಸಂಸಾರ ತನ್ನ ಎಂದಿನ ಪದ್ಧತಿಗೆ ಬಂತು. ಹೊತ್ತೇರಿದ ಮೇಲೆ, ಗಾಳಿ ಬರಲಿ ಎಂದು ಕಿಟಕಿ ಬಾಗಿಲೆಲ್ಲ ತೆರೆದರು, ಬಂದದ್ದು ಬಿಸಿಗಾಳಿ. ನಡುಮಧ್ಯಾಹ್ನ ಒಲೆ ಹಚ್ಚಿ ಮಾಣಿಕಬಾಯಿ ಒಂದು ರಾಶಿ ರೊಟ್ಟಿ ಬಡಿದಳು. ಸಂಜೆ ಹೊರಗೆ ತಂಪಾಗುತ್ತಲೇ, ಸೊಳ್ಳೆ ಬರುತ್ತವೆ ಎಂದು ಎಲ್ಲ ಮುಚ್ಚಿದರು. ಭೀಮಶಾ ಮಾಳಿಗೆ ಹತ್ತಿ ಗವಾಕ್ಷಿಯ ಮೇಲೊಂದು ಹಾಸುಗಲ್ಲನ್ನೂ ಎಳೆದ. ಅವನ ಮನೆಯ ಗವಾಕ್ಷಿಯ ಮೇಲೂ ಅಂಥದ್ದೇ ಒಂದಿತ್ತು. ಹಿಂದೊಮ್ಮೆ ಆ ಕಿಂಡಿಯಿಂದ ಬೆಕ್ಕೊಂದು ಧುಮುಕಿ ಹಾಲಿನ ಗಡಿಗೆ ಉರುಳಿಸಿತ್ತು, ಅಂದಿನಿಂದ.

ಐದನೆಯ ದಿನಕ್ಕೆ ಲಾಲಮ್ಮನ ಮನೆಯೂ ಹೆಂಚಾಯಿತು. ಜಗದೇವಿ ಮತ್ತೆ ಗಂಟು ಕಟ್ಟಿದಳು. ಭೀಮಶಾ ಓಡಿಹೋಗಿ ಗೌಂಡಿಯನ್ನು ಕರೆತಂದು, ನೋಡು, ಇದೂ ಕೆಟ್ಟ ಕೆಲಸವೇ ಅಂದ. ಗೆದ್ದವನ ದನಿ ಅದು.

ಮೌಲಾಸಾಬ ಅವನ ಕೈ ಹಿಡಿದು ಪಕ್ಕದಲ್ಲಿದ್ದ ಅವನದೇ ಮನೆಗೆ ನಡೆದ. ಗಂಟು ಹೊತ್ತ ಜಗದೇವಿಯೂ ಹಿಂದೆ ಬಂದಳು. ಒಳಗೆ ತಂಪು. ಸುಡುಬಿಸಿಲಿನ ಆ ಹೊತ್ತಿನಲ್ಲಿ ಲಾಲಮ್ಮ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

ಭೀಮಶಾ ಎಬ್ಬಿಸಿದ. "ನನ್ನ ಮನಿಗಿ ಏನ್ ಮಾಡಿದಿ?"

"ಏನ್ ಮಾಡ್ಲಿಪ್ಪಾ. ನಸುಕಿನ್ಯಾಗ ಕಿಟಕಿ ತೆರಿತೀನಿ, ಬಿಸಲೇರಿದ್ರ ಮುಚ್ಚತೀನಿ, ಸಂಜಿಗಿ ಮತ್ತ ತೆರಿತೀನಿ. ಸೊಳ್ಳಿಗಿ ಹಳೀ ಸೀರಿ ಕಟ್ಟೀನಿ. ರೊಟ್ಟಿ ಮುಂಜಾನಿನೇ ಮುಗಸ್ತೀನಿ. ಮಾಳಗಿ ಮ್ಯಾಲ ಒಂದು ಕಲ್ಲಿತ್ತು, ತೆಗಿಸಿದೆ. ಅದ್ಯಾಕ ಇಟ್ಟಿದ್ದಿ?"

"ಬೆಕ್ಕಿಗಿ."

"ಎಲ್ಲೈತಿ ಬೆಕ್ಕು?"

ಭೀಮಶಾ ನೆಲ ನೋಡಿದ. "ಸತ್ತು ಆರು ವರ್ಷಾತು."

ಜಗದೇವಿ ಗಂಟು ಕೆಳಗಿಟ್ಟು, ತಣ್ಣನೆಯ ಗೋಡೆಗೆ ಬೆನ್ನು ಕೊಟ್ಟು ಕೂತಳು. "ಅಪ್ಪಾ, ನಾ ಹೋಗಂಗಿಲ್ಲ. ನೀವೂ ಬರ್ರಿ. ಆದ್ರ ನಿಮ್ಮ ರೂಢಿ ಹೊರಗ ಬಿಟ್ಟು ಬರ್ರಿ, ಚಪ್ಪಲಿ ಬಿಟ್ಟಂಗ."

ಭೀಮಶಾ ತಾನೇ ಮಾಳಿಗೆ ಹತ್ತಿ ಲಾಲಮ್ಮನ ಗವಾಕ್ಷಿಯ ಕಲ್ಲು ಸರಿಸಿ, ಅವಳ ಮನೆ ಅವಳಿಗೆ ಒಪ್ಪಿಸಿದ. ಜಗದೇವಿಗೆ ತವರಿನಲ್ಲೇ ಹೆರಿಗೆಯಾಯಿತು. ಬೆಕ್ಕಿಗೆ ಇಟ್ಟಿದ್ದ ಕಲ್ಲು ಹಿತ್ತಲಿಗೆ ಬಂತು. ಅದರ ಮೇಲೆ ಕೂತೇ ಮಾಣಿಕಬಾಯಿ ಕೂಸಿಗೆ ನೀರು ಹಾಕುತ್ತಿದ್ದಳು.

ನೀತಿ: ಮನೆಯನ್ನು ಗೌಂಡಿ ಒಮ್ಮೆ ಕಟ್ಟುತ್ತಾನೆ, ಒಳಗಿರುವವರು ದಿನಾ ಕಟ್ಟುತ್ತಾರೆ. ಗೋಡೆಯನ್ನು ಬೈಯುವ ಮೊದಲು ನಮ್ಮ ರೂಢಿಯನ್ನು ನೋಡಿಕೊಳ್ಳಬೇಕು. ಬೆಕ್ಕು ಸತ್ತ ಮೇಲೂ ಕಲ್ಲು ಉಳಿದಿರುತ್ತದೆ.

ನನ್ನದೂ ಒಂದು ರೂಢಿಯಿದೆ, ಬಿಡಲು ಆಗಿಲ್ಲ. ಕಥೆ ನನ್ನದು, ಕುಡಿದ ಚಹಾದ ದುಡ್ಡು ಕಥೆ ಕೇಳಿದವರದು. ಕೊಟ್ಟುಬಿಡಿ, ಅಂಗಡಿಯವನು ಆಗಿನಿಂದ ನನ್ನನ್ನೇ ನೋಡುತ್ತಿದ್ದಾನೆ.