ಅಂದದ ಸುರುಳಿ, ಸೊಟ್ಟ ಬೆರಳು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ. ಇದು ನಗಿಸೋ ಕತೆಯಲ್ಲ.

ಕಲ್ಲೂರು ಅನ್ನೋ ರಾಜ್ಯದಲ್ಲಿ ಸಾಂತವ್ವ ಅನ್ನೋ ಶಸ್ತ್ರವೈದ್ಯೆ ಇದ್ದಳು. ಮೈ ಕೊಯ್ಯುವ ಮೊದಲು ಒಳಗೇನಿದೆ ಅಂತ ನೋಡುವುದಕ್ಕೆ ಅವಳ ಬಳಿ ಒಂದು ಯಂತ್ರವಿತ್ತು. ಮೇಲೊಂದು ಅಯಸ್ಕಾಂತ, ಕೆಳಗೊಂದು ಅಯಸ್ಕಾಂತ, ಸುತ್ತಲೂ ಬಯಲು. ಮಗು ಅದರಲ್ಲಿ ಮಲಗಿದರೆ ತಾಯಿ ಪಕ್ಕದಲ್ಲೇ ಕೂತು ಕೈ ಹಿಡಿದುಕೊಳ್ಳಬಹುದಿತ್ತು.

ಒಳಗೆ ಗಡ್ಡೆ ಇದೆ ಅಂತ ಅಯಸ್ಕಾಂತ ಹೇಳುತ್ತಿತ್ತು. ಎಲ್ಲಿದೆ ಅಂತ ಹೇಳಬೇಕಾದದ್ದು ತಾಮ್ರದ ಸುರುಳಿ. ಅಯಸ್ಕಾಂತಗಳ ಮುಖಕ್ಕೆ ಕೂರಿಸಿದ ಎರಡು ಹಲಗೆಗಳ ಮೇಲೆ ಅದನ್ನು ಸುತ್ತಬೇಕು. ಅದರಲ್ಲಿ ವಿದ್ಯುತ್ತು ಹರಿದಾಗ ಅಯಸ್ಕಾಂತದ ಸೆಳೆತ ಈ ತುದಿಯಿಂದ ಆ ತುದಿಗೆ ಮೆಟ್ಟಿಲಿನ ಹಾಗೆ ಏರುತ್ತದೆ. ಮೆಟ್ಟಿಲುಗಳು ಸಮವಾಗಿದ್ದರೆ ಚಿತ್ರ ಸರಿ, ಇಲ್ಲವಾದರೆ ಚಿತ್ರ ಸೊಟ್ಟ. ಮೆಟ್ಟಿಲು ಸಮ ಬರಬೇಕಾದರೆ ತಂತಿಯನ್ನು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ ಸುತ್ತಬೇಕು. ಸಾಂತವ್ವ ಲೆಕ್ಕ ಹಾಕಿ ಹಾಗೇ ನಕ್ಷೆ ಬರೆದುಕೊಟ್ಟಿದ್ದಳು.

ಸುತ್ತಿದವನು ಅರಮನೆಯ ಕಂಚುಗಾರ ಬೋಗಣ್ಣ. ಅವನಿಗೆ ನಕ್ಷೆ ಹಿಡಿಸಲಿಲ್ಲ. ‘ಇದೇನು, ಕೋಳಿ ಕೆದರಿದ ಹಾಗಿದೆ’ ಅಂದುಕೊಂಡು ಸೀರೆಯ ಪಟ್ಟೆಯಂತೆ ಎಲ್ಲ ತಂತಿಯನ್ನೂ ಸಮ ಅಂತರದಲ್ಲಿ ಸುತ್ತಿದ. ರಾಜ ನೋಡಿ ಮೆಚ್ಚಿ ಚಿನ್ನದ ಕಡಗ ತೊಡಿಸಿದ. ಸಾಂತವ್ವ ಬರುವಷ್ಟರಲ್ಲಿ ಸುರುಳಿಯ ಮೇಲೆ ಅರಗು ಬಳಿದಾಗಿತ್ತು, ಒಳಗೆ ಹೇಗೆ ಸುತ್ತಿದ್ದಾನೆಂದು ಅವಳಿಗೆ ಕಾಣಲಿಲ್ಲ.

ದೋಣಿ ನಡೆಸುವ ಮಾರನ ತಲೆಯಲ್ಲಿ ಗಡ್ಡೆ ಬೆಳೆಯಿತು. ಚಿತ್ರ ತೋರಿಸಿದ ಕಡೆಯೇ ಸಾಂತವ್ವ ಕೊಯ್ದಳು. ಅಲ್ಲಿ ಗಡ್ಡೆ ಇರಲಿಲ್ಲ. ಮಾರ ಮತ್ತೆ ಏಳಲಿಲ್ಲ. ಅವನ ಹೆಂಡತಿ ಅಳದೆ ಸಾಂತವ್ವನ ಕೈಯನ್ನೇ ನೋಡುತ್ತ ನಿಂತಳು. ಆ ನೋಟ ಸಾಂತವ್ವನ ಎದೆಯಲ್ಲಿ ಕೂತುಬಿಟ್ಟಿತು. ಬೋಗಣ್ಣನಿಗೆ ಕಾರಣ ಹೊಳೆಯಿತು. ಕಡಗ ಹೋದೀತೆಂದು ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ರಾಜನ ಮಗಳು ದೇವಾಂಬೆಗೂ ಕಿವಿಯ ಹಿಂದೆ ಗಡ್ಡೆಯಾಯಿತು.

“ನಾಳೇನೇ ಕೊಯ್ದುಬಿಡು ತಾಯಿ,” ಅಂದ ರಾಜ.

“ಮೊದಲು ಯಂತ್ರಾನ ನೋಡ್ತೀನಿ ದೊರೆ. ಆಮೇಲೆ ಮಗೂನ ಮುಟ್ತೀನಿ.”

ರಾಜನ ಎದುರಿಗೇ ಅವಳು ಯಂತ್ರದೊಳಗೆ ನಿಂಬೆಹಣ್ಣುಗಳನ್ನು ನೆಟ್ಟಗೆ ಸಾಲಾಗಿ ಇಟ್ಟಳು. ಚಿತ್ರದಲ್ಲಿ ಸಾಲು ಅಂಚಿನ ಹತ್ತಿರ ಬಾಗಿತ್ತು.

“ಹಣ್ಣು ಉರುಳಿದೆ ಅಮ್ಮಾ,” ಅಂದ ಬೋಗಣ್ಣ.

ಸಾಂತವ್ವ ಒಂದು ಮರದ ಹಲಗೆಯಲ್ಲಿ ಗುಳಿ ತೋಡಿ ಹಣ್ಣುಗಳನ್ನು ಅಲುಗದಂತೆ ಕೂರಿಸಿದಳು. ಮತ್ತೆ ಸಾಲು ಬಾಗಿತು.

“ಹಲಗೆ ಥಂಡಿಗೆ ಸೊಟ್ಟಗಾಗಿದೆ. ನನ್ನ ಸುರುಳಿ ಸುಳ್ಳು ಹೇಳಲ್ಲ,” ಅಂದ ಬೋಗಣ್ಣ.

“ಹಾಗಾದ್ರೆ ಕಡಗ ಬಿಚ್ಚಿ ನಿನ್ನ ಕೈ ಇಡಪ್ಪ.”

ಇಟ್ಟ. ಚಿತ್ರದಲ್ಲಿ ಅವನ ಕಿರುಬೆರಳು ಹೊರಕ್ಕೆ ಡೊಂಕಾಗಿ ನಿಂತಿತ್ತು. ಸಾಂತವ್ವ ಕತ್ತಿ ತೊಳೆದಳು.

“ನಿನ್ನ ಮೂಳೆ ಸೊಟ್ಟಗಿದೆ ಬೋಗಣ್ಣ. ಚಿತ್ರ ತೋರಿಸಿದ ಕಡೆ ಕೊಯ್ದು ನೆಟ್ಟಗೆ ಮಾಡ್ತೀನಿ. ಕೈ ಚಾಚು.”

ಬೋಗಣ್ಣ ಕೈಯನ್ನು ಎದೆಗೆ ಅವುಚಿಕೊಂಡ. “ಬೇಡಮ್ಮಾ, ಬೆರಳು ನೆಟ್ಟಗೇ ಇದೆ. ಚಿತ್ರವೇ ತಪ್ಪು.”

“ಈ ಮಾತನ್ನ ಮಾರ ಬದುಕಿದ್ದಾಗ ಹೇಳಬೇಕಿತ್ತು,” ಅಂದಳು ಸಾಂತವ್ವ. ರಾಜ ತಲೆ ತಗ್ಗಿಸಿದ. ಕಡಗ ತೊಡಿಸಿದ ಕೈ ಅವನದೇ ತಾನೆ.

ಅರಗು ಒಡೆದರು. ನಕ್ಷೆಯ ಹಾಗೇ ಹೊಸದಾಗಿ ಸುತ್ತಿದರು. ನೋಡಲಿಕ್ಕೆ ಅಂದವಿರಲಿಲ್ಲ. ನಿಂಬೆಹಣ್ಣಿನ ಸಾಲು ಮಾತ್ರ ನೆಟ್ಟಗೆ ಬಂತು. ಹೊಸ ಚಿತ್ರ ತೋರಿಸಿದ ಕಡೆ ಕೊಯ್ದಾಗ ಗಡ್ಡೆ ಸಿಕ್ಕಿತು, ದೇವಾಂಬೆ ಬದುಕಿದಳು.

ಕಡಗವನ್ನು ಮಾರನ ಹೆಂಡತಿಗೆ ಕೊಟ್ಟುಬರುವಂತೆ ರಾಜ ಬೋಗಣ್ಣನನ್ನು ಕಳಿಸಿದ. ಅವಳು ಅದನ್ನು ಮುಟ್ಟಲಿಲ್ಲ.

“ನಿಂಗೆ ಗೊತ್ತಿತ್ತಾ?” ಅಂತಷ್ಟೇ ಕೇಳಿದಳು.

ಬೋಗಣ್ಣ ಹೂಂ ಅಂದ. ಅವಳು ಬಾಗಿಲು ಹಾಕಿಕೊಂಡಳು. ಆಮೇಲೆ ಅವನು ಆ ಕಡಗವನ್ನು ಕೈಗೆ ಹಾಕಲಿಲ್ಲ, ಮಾರಲೂ ಇಲ್ಲ.

ತಿಳೀತಾ ಮಕ್ಕಳೇ? ಜೀವ ಕಾಯುವ ಕೆಲಸದಲ್ಲಿ ಮೆಚ್ಚುಗೆಯ ಆಸೆಗೆ ಅಳತೆ ಕೆಡಿಸಬಾರದು. ಕೆಡಿಸಿದ್ದು ಗೊತ್ತಾದ ಮೇಲೆ ಸುಮ್ಮನಿರುವುದಂತೂ ಅದಕ್ಕಿಂತ ದೊಡ್ಡ ಪಾಪ.