ಗಂಡು ಸುಳಿಯದ ತೋಟ

"ರಾಜ ಒಟ್ಟೊಕಾರನ ಅಪ್ಪಣೆ, ಎಲ್ಲರೂ ಕೇಳಿ. ರಾಜಕುಮಾರಿ ವಾಲ್ಬುರ್ಗಾ ಕೇಳುವ ಮೂರು ಒಗಟುಗಳಿಗೆ ಉತ್ತರ ಹೇಳಿದವನಿಗೆ ಆಕೆಯನ್ನು ಕೊಟ್ಟು ಮದುವೆ, ಜೊತೆಗೆ ಬೇಡಿದ್ದೊಂದು ವರ. ಒಂದು ಉತ್ತರ ತಪ್ಪಿದರೂ ಸೆರೆಮನೆ, ಬರುವ ಹುಣ್ಣಿಮೆಗೆ ತಲೆದಂಡ."

ಜರ್ಮನರ ಸೀಮೆಯ ಆ ಪುಟ್ಟ ರಾಜ್ಯದಲ್ಲಿ ಡಂಗುರ ಹೀಗೆ ಸಾರಿತು. ತಲೆದಂಡದ ಮಾತು ಸೇರಿಸಿದ್ದು ರಾಜಕುಮಾರಿಯೇ. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹಾಪ್ ಬಳ್ಳಿಯ ತೋಟ, ಪಕ್ಕದಲ್ಲಿ ಬಿಯರ್ ಕಾಯಿಸುವ ಮನೆ, ಇವೆರಡನ್ನೂ ತಾಯಿ ತೀರಿಕೊಂಡ ಮೇಲೆ ಅವಳೇ ನಡೆಸುತ್ತಿದ್ದಳು. ಮದುವೆಯಾದರೆ ಎರಡೂ ಗಂಡನ ಪಾಲಾಗುತ್ತಿದ್ದವು. ಪ್ರಾಣಭಯವಿದ್ದರೆ ಯಾವನೂ ಬರಲಾರ ಎಂದು ಅವಳು ನಂಬಿದ್ದಳು.

ಬಂದರು ನೋಡಿ, ಪ್ರಭುಗಳು ದಂಡುದಂಡಾಗಿ ಬಂದರು. ಏನು ಕೇಳಿದರೂ ಒಂದೇ ಉತ್ತರ. "ನೀವೇ, ರಾಜಕುಮಾರಿ." ಹೀಗೆ ಹೇಳಿ ಮೀಸೆ ತಿರುವಿ ಸೆರೆಮನೆಗೆ ನಡೆದರು. ಇವರ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಅವಳು ಹಲ್ಲು ಕಡಿದಳು. ಬೈದಳೇ ಹೊರತು ಅವರ ಪ್ರಾಣ ಅವಳಿಗೆ ಬೇಕಿರಲಿಲ್ಲ.

"ಅಪ್ಪಾಜಿ, ಇವರನ್ನು ಬಿಟ್ಟುಬಿಡಿ. ದಡ್ಡತನಕ್ಕೆ ತಲೆ ತೆಗೆಯುವುದೇ?"

"ಆ ಮಾತು ಸೇರಿಸಿದವಳು ನೀನು, ಮಗಳೇ. ಸಾರಿದ್ದಾಗಿದೆ. ಯಾರಾದರೂ ಗೆದ್ದು ವರವಾಗಿ ಕೇಳಿದರೆ ಬಿಡುತ್ತೇನೆ."

ಯಾರೂ ಗೆಲ್ಲದಿದ್ದರೆ ಅಷ್ಟೂ ತಲೆಗಳು ಅವಳ ಲೆಕ್ಕಕ್ಕೆ. ಗೆದ್ದರೆ ಅವಳ ಬದುಕು ಅವನ ಕೈಗೆ. ಹುಣ್ಣಿಮೆ ಹತ್ತಿರವಾದಾಗ ಮದುವೆಯೇ ವಾಸಿ ಎನಿಸಿ, ಪರೀಕ್ಷೆಯನ್ನು ಹಾಪ್ ತೋಟಕ್ಕೇ ಸಾಗಿಸಿದಳು. ಉತ್ತರ ಮೂಗಿನ ಮುಂದೆಯೇ ತೂಗುತ್ತಿದ್ದರೆ ಯಾವನಾದರೂ ಕಂಡಾನು ಎಂದು ಅವಳ ಆಸೆ. ನೋಡುವವರಿಲ್ಲದೆ ಏನು ಚೆನ್ನ ಎಂದು ರಾಜ ಕೊಯ್ಲಿನ ಆಳುಗಳನ್ನೆಲ್ಲ ಕೆಲಸ ಬಿಡಿಸಿ ಸಾಲಾಗಿ ನಿಲ್ಲಿಸಿದ.

ಕೊನೆಯ ದಿನ ಬಂದವನು ಬಾಲ್ಡೆಮಾರ್ ಎಂಬ ಸಿರಿವಂತ ಪ್ರಭು. ಬಳ್ಳಿ ಹಬ್ಬಿದ ಕಂಬಕ್ಕೇ ಒರಗಿ ನಿಂತ.

"ಅವಳಿಗೆ ಬೆನ್ನುಮೂಳೆಯಿಲ್ಲ, ಆದರೂ ಮನೆಯೆತ್ತರ ಏರುತ್ತಾಳೆ. ಸೂರ್ಯ ಹೋದ ದಿಕ್ಕಿಗೇ ತಿರುಗುತ್ತಾಳೆ. ಬೇರೆ ದಿಕ್ಕಿಗೆ ತಿರುಗಿಸಿದರೆ ಬಿಡಿಸಿಕೊಳ್ಳುತ್ತಾಳೆ. ಯಾರು?"

"ನೀವೇ, ರಾಜಕುಮಾರಿ."

ಅವಳು ಕಣ್ಣು ಮುಚ್ಚಿ ತೆರೆದಳು. "ಹಸಿರು ಸೆರಗಿನೊಳಗೆ ಹಳದಿ ಪುಡಿ ಬಚ್ಚಿಟ್ಟಿದ್ದಾಳೆ. ಕೊಡುವುದು ಸ್ವಲ್ಪ, ಕಹಿಯೂ ಸ್ವಲ್ಪ. ಆದರೂ ಮೂಗಿದ್ದವರು ಅವಳನ್ನೇ ಹುಡುಕಿ ಬರುತ್ತಾರೆ. ಆ ಪುಡಿ ಯಾವುದು?"

"ಅದೂ ನೀವೇ."

"ಪುಡಿ ಎಂದೆ, ಪ್ರಭುಗಳೇ."

"ನಿಮ್ಮ ಪಾದದ ಧೂಳಿ."

ಅವಳು ಹಣೆ ಒತ್ತಿಕೊಂಡಳು. "ಹೆಣ್ಣುಗಳೇ ತುಂಬಿದ ಮನೆ. ಒಂದು ಗಂಡು ಸುಳಿದರೂ ಅಲ್ಲಿಯ ಪರಿಮಳ ಹಾಳು. ಯಾವ ಮನೆ, ಯಾಕೆ ಹಾಗೆ?"

ಈ ಸಲವಾದರೂ ನೀವೇ, ನಿಮ್ಮದೇ ಎಂದಿದ್ದರೆ ಅರ್ಧ ಸರಿಯಾಗುತ್ತಿತ್ತು. ಬಾಲ್ಡೆಮಾರ್ ಗಡ್ಡ ನೀವಿಕೊಂಡು, ಹೇಳಿದ್ದನ್ನೇ ಹೇಳಿದರೆ ಚೆನ್ನಲ್ಲವೆಂದು, "ನನ್ನ ಕುದುರೆ ಲಾಯ," ಎಂದ. ಭಟರು ಅವನನ್ನು ಕರೆದೊಯ್ದರು.

"ಇನ್ನು ಯಾರೂ ಇಲ್ಲವೇ?" ಎಂದು ರಾಜಕುಮಾರಿ ಸುತ್ತಲೂ ನೋಡಿದಳು.

"ನಾನು ಹೇಳ್ತೀನಿ ಬುದ್ಧಿ," ಎಂದು ಆಳುಗಳ ಸಾಲಿನಿಂದ ಒಬ್ಬ ಮುಂದೆ ಬಂದ. ಕಂಬ ನೆಡುವ ಕಿಲಿಯಾನ್. "ನಾವಿಲ್ಲಿ ಕೈಕಟ್ಕೊಂಡು ನಿಂತಿದ್ರೆ ಅಲ್ಲಿ ಹೂವೆಲ್ಲ ಕಂದೋಗ್ತಾ ಐತೆ. ಸೆರೆಮನೇಲಿರೋರನ್ನ ನೆನೆಸ್ಕೊಂಡ್ರೆ ಅನ್ನ ಇಳೀತಿಲ್ಲ. ಸಾಕಾಗೋಗೈತೆ."

"ತಪ್ಪಿದರೆ ನಿನ್ನ ತಲೆಯೂ ಹೋಗುತ್ತೆ," ಎಂದ ರಾಜ.

"ಗೊತ್ತು ಬುದ್ಧಿ. ಮೊದಲ್ನೇದು ಈ ಹಾಪ್ ಬಳ್ಳೀನೇ. ಹೊತ್ತು ಹೋದ ಕಡೀಗೇ ಕಂಬ ಸುತ್ತುತ್ತೆ. ಎದುರು ಸುತ್ತಿ ಕಟ್ಟಿದ್ರೆ ಬಿಚ್ಕಳ್ಳುತ್ತೆ. ಎರಡನೇದು ಇದರ ಹೂವಿನೊಳಗಿನ ಪುಡಿ. ಬೇರೆ ಕಡೆ ಹಾಪ್ ಮೈತುಂಬ ಬಿಡುತ್ತೆ, ನಾಲಗೆ ಹಿಡಿಯೋ ಅಷ್ಟು ಕಹಿ. ನಮ್ಮ ಹಳೇ ತಳಿ ಬಿಡೋದೂ ಕಮ್ಮಿ, ಕಹೀನೂ ಕಮ್ಮಿ, ರೋಗ ಬಂದ್ರೆ ತಡೆಯಲ್ಲ. ಆದ್ರೂ ಆ ಹೂವಿನ ಘಮ, ಅದರ ಹಿಂದೆ ಚೂರು ಮಸಾಲೆ ವಾಸನೆ, ಅದು ಇನ್ನೆಲ್ಲೂ ಇಲ್ಲ."

"ಮೂರನೆಯದು?" ರಾಜಕುಮಾರಿ ಎದ್ದು ನಿಂತಿದ್ದಳು.

"ಈ ತೋಟ, ಅಮ್ಮಾವ್ರೇ. ಇಲ್ಲಿರೋದೆಲ್ಲ ಹೆಣ್ಣು ಬಳ್ಳಿ. ಗಂಡು ಬಳ್ಳಿ ಹತ್ರ ಇದ್ರೆ ಹೂವಿಗೆ ಬೀಜ ಕಟ್ಟಿ ಘಮ ಕೆಡುತ್ತೆ. ಅದಕ್ಕೇ ಬೇಲಿ ಹತ್ರ ಗಂಡು ಬಳ್ಳಿ ಕಂಡ್ರೆ ಕಿತ್ತಾಕ್ತೀವಿ."

ರಾಜ ತಲೆದೂಗಿದ. "ಮೂರೂ ಸರಿ. ವರ ಏನು ಬೇಕು, ಕೇಳು."

"ಆ ಪ್ರಭುಗಳ್ನೆಲ್ಲ ಜೀವಸಮೇತ ಬಿಡಿ. ಈವತ್ತೇ ಕೊಯ್ಲಿಗೆ ಕಳ್ಸಿ, ಕೈ ಸಾಲ್ದು."

ಭಟರು ಸೆರೆಮನೆಯ ಕಡೆ ಓಡಿದರು. ವಾಲ್ಬುರ್ಗಾ ಉಸಿರುಬಿಟ್ಟಳು. ಇನ್ನು ಮದುವೆಯೊಂದು ಉಳಿದಿತ್ತು. ಒಳ್ಳೆಯವನೇ ಇರಬಹುದು, ಆದರೂ ಗಂಡನೇ ತಾನೇ ಎಂದುಕೊಂಡಳು.

"ಮದುವೆ ಎಂದಿಗಿಡೋಣ?" ರಾಜ ಕೇಳಿದ.

"ಅದು ಬೇಡ ಬುದ್ಧಿ."

"ಬೇಡವೇ? ನನ್ನ ಮಗಳಲ್ಲಿ ಏನು ಕೊರತೆ?"

"ಕೊರತೆ ಏನಿಲ್ಲ. ಮೂರನೇ ಒಗಟು ಅಮ್ಮಾವ್ರು ಯಾಕೆ ಕೇಳಿದ್ರು ಅಂತ ತಿಳಿದ್ಮೇಲೂ ನಾನು ಹೆಂಗೆ ಹೂಂ ಅನ್ಲಿ?"

ರಾಜ ಮಗಳ ಕಡೆ ತಿರುಗಿದ. ಅವಳು ಬೋರಲು ಹಾಕಿದ್ದ ಬುಟ್ಟಿಯ ಮೇಲೆ ಕುಳಿತು ಅಳುತ್ತಿದ್ದಳು. ಅಷ್ಟು ದಿನ ಅಷ್ಟು ಜನರ ಮುಂದೆ ಇದೇ ಒಗಟುಗಳಲ್ಲಿ ತನ್ನ ಮನಸ್ಸನ್ನೇ ಬಿಚ್ಚಿ ಹೇಳಿದ್ದಳು. ಕೇಳಿಸಿಕೊಂಡವನು ಇವನೊಬ್ಬ.

"ನನಗೂ ಈಗಲೇ ಕೇಳಿಸಿತು, ಮಗಳೇ," ಎಂದ ರಾಜ. ತೋಟವನ್ನೂ ಬಿಯರ್ ಮನೆಯನ್ನೂ ಅಲ್ಲೇ ಅವಳ ಹೆಸರಿಗೆ ಮಾಡಿ, ಮದುವೆಯ ಮಾತನ್ನು ಅವಳಿಗೇ ಬಿಟ್ಟ. ಅವಳು ಕಣ್ಣೊರೆಸಿಕೊಂಡು ಕಿಲಿಯಾನನನ್ನು ತೋಟದ ಮೇಲ್ವಿಚಾರಕನನ್ನಾಗಿ ಮಾಡಿದಳು, ಅವನು ಇರುವವರೆಗೂ ಊಟದ ಪಂಕ್ತಿಯಲ್ಲಿ ತನ್ನ ಪಕ್ಕದ ಎಲೆ ಅವನಿಗೇ ಎಂದಳು. ಆಮೇಲೆ ಇಬ್ಬರೂ ಬುಟ್ಟಿ ಹಿಡಿದು ಕೊಯ್ಲಿಗೆ ಹೋದರು.