ಚಿಕ್ಕತಾಯಮ್ಮನ ಬ್ರಷ್ಷು

ಆಶ್ರಮದಲ್ಲಿ ಕಸ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ, ಅವರು ಅಲ್ಲಿ ಒಂದು ದಿನವೂ ಪೊರಕೆ ಹಿಡಿದಿಲ್ಲ ಎಂದೇ ಅರ್ಥ.

ಕಪಿಲಾ ನದಿಯ ದಂಡೆಯಲ್ಲಿದ್ದ ಆ ಆಶ್ರಮದ ಪ್ರಾರ್ಥನಾ ಮಂದಿರದ ತುಂಬ ದಪ್ಪ ಜಮಖಾನಗಳನ್ನು ಹಾಸಿದ್ದರು. ಬಂದವರು ಹೊಳೆಯಲ್ಲಿ ಕಾಲು ತೊಳೆದು ಮರಳು ಮೆತ್ತಿಕೊಂಡು ಬರುತ್ತಿದ್ದರು. ಹಣೆಯ ವಿಭೂತಿ ಉದುರುತ್ತಿತ್ತು. ಜೊತೆಗೆ ತಲೆಗೂದಲು, ಮಲ್ಲಿಗೆಯ ಎಸಳು, ಮಕ್ಕಳ ಜೇಬಿನ ಕಡಲೆಪುರಿ. ಎಲ್ಲವೂ ನೂಲಿನ ಸಂದಿಗೆ ಇಳಿದು ಅಲ್ಲೇ ತಪಸ್ಸಿಗೆ ಕೂರುತ್ತಿದ್ದವು.

ಮೂವತ್ತೊಂದು ವರ್ಷದಿಂದ ಆ ಮಂದಿರವನ್ನು ಗುಡಿಸುತ್ತಿದ್ದವರು ಚಿಕ್ಕತಾಯಮ್ಮ. ಎರಡು ವರ್ಷದಿಂದ ಅವರ ಬಲಭುಜ ಸೆಟೆದುಕೊಂಡಿತ್ತು. ಜಮಖಾನ ಕೊಡವುವ ಶಕ್ತಿ ಹೋಗಿತ್ತು.

ಭಕ್ತರೊಬ್ಬರು ಒಂದು ವ್ಯಾಕ್ಯೂಮ್ ಕ್ಲೀನರ್ ತಂದುಕೊಟ್ಟರು. ಅದು ಮೇಲಿನದನ್ನು ಎಳೆದುಕೊಂಡಿತು. ಒಳಗಿನ ವಿಭೂತಿಯ ತಂಟೆಗೆ ಹೋಗಲಿಲ್ಲ.

ಆಶ್ರಮದ ಆಡಳಿತ ನೋಡುತ್ತಿದ್ದ ಶಿವಮಲ್ಲಪ್ಪ ಒಂದು ದಿನ ಜಮಖಾನಕ್ಕೆ ಅಂಗೈಯಿಂದ ಹೊಡೆದರು. ಬಿಳಿ ಧೂಳು ಎದ್ದಿತು.

"ಶ್ರಾವಣದ ಮೊದಲನೇ ಸೋಮವಾರದ ತನಕ ನೋಡ್ತೀನಿ. ಆಮೇಲೆ ಮಂದಿರಕ್ಕೆ ಬೇರೆಯವರು. ತಾಯಮ್ಮ ಅಡುಗೆಮನೇಲಿ ಕೂತ್ಕೊಂಡು ಸೊಪ್ಪು ಸೋಸಲಿ" ಎಂದರು.

ಚಿಕ್ಕತಾಯಮ್ಮ ತಲೆ ಎತ್ತಲಿಲ್ಲ.

"ಈ ಮಂದ್ರ ನನ್ ಕೈಲಿ ಆಗ್ದೇ ಇದ್ರೆ ನಾನು ಊರ್ಗೆ ಹೊಂಟೋಯ್ತೀನಿ. ಕುಂತ್ಕಂಡು ಉಣ್ಣಕ್ಕೆ ಬಂದೋಳಲ್ಲ ನಾನು."

ಊರಲ್ಲಿ ಅವರಿಗೆ ಯಾರೂ ಇರಲಿಲ್ಲ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ.

ಪಂಚಾಕ್ಷರಿ ಎಂಬ ಶಿಷ್ಯ ಅಲ್ಲೇ ನಿಂತಿದ್ದ. ಆಶ್ರಮಕ್ಕೆ ಬಂದು ಮೂರು ವರ್ಷವಾಗಿತ್ತು. ಅದಕ್ಕೆ ಮುಂಚೆ ಮೋಟಾರ್ ರಿಪೇರಿ ಅಂಗಡಿ ನಡೆಸುತ್ತಿದ್ದ. ಅಂಗಡಿ ಬಿಟ್ಟಿದ್ದ, ಕೈಯ ತುರಿಕೆ ಬಿಟ್ಟಿರಲಿಲ್ಲ.

ಅವನು ಗುರುಗಳ ಹತ್ತಿರ ಹೋದ.

"ಗುರುಗಳೇ, ಈ ಯಂತ್ರದ ಮೂತಿಗೆ ತಿರುಗುವ ಬ್ರಷ್ಷೊಂದನ್ನು ನಾನು ಮಾಡಿ ಸೇರಿಸ್ತೀನಿ. ಅದಕ್ಕೆ ಸಣ್ಣ ಮೋಟಾರು ಇಟ್ಟರೆ ಒಳಗಿನ ವಿಭೂತಿಯನ್ನೆಲ್ಲ ಎಬ್ಬಿಸುತ್ತೆ."

"ಯಾರಿಗೆ ಮಾಡ್ತೀಯ?"

"ಯಾರಿಗೆ ಅಂದರೆ? ಜಮಖಾನಕ್ಕೆ."



ಹತ್ತು ದಿನದಲ್ಲಿ ಬ್ರಷ್ಷು ತಯಾರಾಯಿತು. ಲಟ್ಟಣಿಗೆಯಷ್ಟು ದಪ್ಪದ ಉರುಳೆ, ಅದರ ಮೈತುಂಬ ಗಡುಸು ಕೂದಲು, ಪಕ್ಕದಲ್ಲಿ ಮೋಟಾರು. ಯಂತ್ರ ಹಾಕಿದರೆ ಬ್ರಷ್ಷು ತಿರುಗುತ್ತಿತ್ತು, ಯಂತ್ರ ಆರಿಸಿದರೆ ನಿಲ್ಲುತ್ತಿತ್ತು. ವೇಗ ಎಷ್ಟಿರಬೇಕೆಂದು ಪಂಚಾಕ್ಷರಿ ಮೂರು ಹಾಳೆ ತುಂಬ ಲೆಕ್ಕ ಹಾಕಿದ್ದ.

ಚಿಕ್ಕತಾಯಮ್ಮ ಕೊಳವೆ ಹಿಡಿದರು. ಅವನು ಸ್ವಿಚ್ಚು ಹಾಕಿದ.

ಹಗ್ಗ ಕಿತ್ತ ಕರುವಿನಂತೆ ಬ್ರಷ್ಷು ಮುಂದಕ್ಕೆ ನುಗ್ಗಿತು. ಭುಜ ಜಗ್ಗಿ ಚಿಕ್ಕತಾಯಮ್ಮ ಕುಸಿದು ಕುಳಿತರು.

"ಇದು ನನ್ನೇ ಎಳ್ಕಂಡು ಓಯ್ತದೆ ಸ್ವಾಮಿ."

"ಗಟ್ಟಿಯಾಗಿ ಹಿಡ್ಕೊಳ್ಳಿ, ತಾಯಮ್ಮ."

"ಗಟ್ಟಿಯಾಗಿ ಇಡಿಯೋ ಅಂಗಿದ್ರೆ ಪೊರಕೆನೇ ಇಡೀತಿದ್ನಲ್ಲ."

ಪಂಚಾಕ್ಷರಿ ಮುಖ ಊದಿಸಿಕೊಂಡು ಗುರುಗಳ ಹತ್ತಿರ ಬಂದ.

"ಬ್ರಷ್ಷು ಸರಿಯಾಗಿದೆ, ಗುರುಗಳೇ. ಹಿಡಿಯೋದು ಸರಿಯಿಲ್ಲ. ಗಟ್ಟಿಯಾಗಿ ಹಿಡ್ಕೊಳ್ಳಿ ಅಂದರೂ ಕೇಳಲ್ಲ."

"ಹೌದಾ?" ಎಂದರು ಗುರುಗಳು. "ನಾಳೆ ಸ್ನಾನಕ್ಕೆ ಬಾ."

ದಿನವೂ ಬೆಳಿಗ್ಗೆ ಹೊಳೆಯಲ್ಲಿ ಗುರುಗಳ ಬೆನ್ನನ್ನು ಹೀರೆಕಾಯಿ ನಾರಿನಿಂದ ಉಜ್ಜುವುದು ಪಂಚಾಕ್ಷರಿಯ ಕೆಲಸ. ಗುರುಗಳು ಹೇಳುತ್ತಿದ್ದರು: ಮೇಲೆ. ಇನ್ನೂ ಸ್ವಲ್ಪ ಎಡಕ್ಕೆ. ಅಲ್ಲಿ ಮೆಲ್ಲಗೆ. ಸಾಕು.

ಮಾರನೆಯ ಬೆಳಿಗ್ಗೆ ಗುರುಗಳು ನಾರನ್ನು ತಾವೇ ಇಸಿದುಕೊಂಡರು.

"ತಿರುಗಿ ಕೂತ್ಕೋ."

ಅವನು ಸಂಕೋಚದಿಂದ ಕುಳಿತ. ಗುರುಗಳು ಉಜ್ಜತೊಡಗಿದರು. ಮೇಲಿನಿಂದ ಕೆಳಕ್ಕೆ, ಒಂದೇ ಜಾಗದಲ್ಲಿ, ಒಂದೇ ಬಿರುಸಿನಲ್ಲಿ.

"ಗುರುಗಳೇ, ಅಲ್ಲಿ ಮೆಲ್ಲಗೆ."

ಬಿರುಸು ಇಳಿಯಲಿಲ್ಲ.

"ಗುರುಗಳೇ, ಸಾಕು."

ನಾರು ಮತ್ತೆ ಮೇಲಿನಿಂದ ಕೆಳಕ್ಕೆ ಬಂತು.

"ಸಾಕು ಅಂದೆ, ಗುರುಗಳೇ. ಉರೀತಿದೆ."

"ಉಜ್ಜೋದು ಸರಿಯಾಗಿದೆಯಪ್ಪ" ಎಂದರು ಗುರುಗಳು. "ಬೆನ್ನು ಗಟ್ಟಿಯಾಗಿ ಹಿಡ್ಕೋ."

ಪಂಚಾಕ್ಷರಿ ನೀರಲ್ಲಿ ಮುಳುಗಿ ಎದ್ದ. ಬೆನ್ನು ಎರಡು ದಿನ ಉರಿಯಿತು. ಮೂರನೆಯ ದಿನ ಬ್ರಷ್ಷನ್ನು ಬಿಚ್ಚಿದ.

ಈ ಸಲ ಬ್ರಷ್ಷಿನ ಮೋಟಾರಿಗೆ ಬೇರೆಯೇ ತಂತಿ ಎಳೆದ, ಅದಕ್ಕೊಂದು ರೆಗ್ಯುಲೇಟರ್ ಇಟ್ಟ. ಮೆಲ್ಲಗೆ, ಜೋರಾಗಿ, ನಿಲ್ಲು, ಎಲ್ಲವೂ ಬಂತು. ರೆಗ್ಯುಲೇಟರಿನ ಪೆಟ್ಟಿಗೆಯನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡ. ತಾಯಮ್ಮ ಓದಿದವರಲ್ಲ, ಏನೋ ತಿರುಗಿಸಲು ಹೋಗಿ ಮೋಟಾರು ಸುಟ್ಟರೆ?

ಅವನು ಕಂಬಕ್ಕೆ ಒರಗಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕುಳಿತ.

"ನೀವು ಹೇಳಿ ತಾಯಮ್ಮ, ನಾನು ತಿರುಗಿಸ್ತೀನಿ."

ಮೊದಲು ಚೆನ್ನಾಗಿಯೇ ನಡೆಯಿತು. ವಿಭೂತಿ ಎದ್ದಿತು, ಯಂತ್ರ ಎಳೆದುಕೊಂಡಿತು. ಚಿಕ್ಕತಾಯಮ್ಮನ ಮುಖ ಸ್ವಲ್ಪ ಅರಳಿತು. ಆಮೇಲೆ ಜಮಖಾನದ ಅಂಚು ಬಂತು. ಅಂಚಿನಲ್ಲಿ ಉದ್ದುದ್ದ ಕುಚ್ಚುಗಳು.

"ನಿಲ್ಸಿ" ಎಂದರು ಚಿಕ್ಕತಾಯಮ್ಮ.

ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ.

"ನಿಲ್ಸಿ ಸ್ವಾಮಿ."

ಅವನು ನಿಲ್ಲಿಸುವಷ್ಟರಲ್ಲಿ ಒಂದು ಕುಚ್ಚು ಉರುಳೆಗೆ ಸುತ್ತಿಕೊಂಡು ಬುಡಸಮೇತ ಕಿತ್ತುಬಂದಿತ್ತು. ಹಿಂದಿನ ಗುರುಗಳ ಕಾಲದ ಜಮಖಾನ ಅದು. ಚಿಕ್ಕತಾಯಮ್ಮ ಕುಚ್ಚನ್ನು ಬಿಡಿಸಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಬೈದಿದ್ದರೆ ಪಂಚಾಕ್ಷರಿಗೆ ಹಗುರಾಗುತ್ತಿತ್ತು.

ಶಿವಮಲ್ಲಪ್ಪ ಬಾಗಿಲಲ್ಲಿ ನಿಂತು ನೋಡಿದರು.

"ಇನ್ನು ಎಂಟು ದಿನ" ಎಂದು ಹೋದರು.

ಸಂಜೆ ಗುರುಗಳು ಮಂದಿರಕ್ಕೆ ಬಂದರು. ಕಂಬಕ್ಕೆ ಒರಗಿ ಕುಳಿತು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ನೀನು ಗುಡಿಸು. ಪೆಟ್ಟಿಗೆ ನನ್ನ ಹತ್ತಿರ ಇರಲಿ."

"ಗುರುಗಳೇ, ಬೇರೆ ಏನಾದರೂ ಹೇಳಿ."

"ಗುಡಿಸು."

ಪಂಚಾಕ್ಷರಿ ಕೊಳವೆ ಹಿಡಿದ. ಬ್ರಷ್ಷು ತಿರುಗಿತು. ಗುರುಗಳು ಕಣ್ಣು ಮುಚ್ಚಿಕೊಂಡರು.

"ಗುರುಗಳೇ, ಸ್ವಲ್ಪ ಇಳಿಸಿ."

"ಆ?"

"ಇಳಿಸಿ ಅಂದೆ."

ಗುರುಗಳು ಕಣ್ಣು ಮುಚ್ಚಿಕೊಂಡೇ ತಡಕಾಡಿ ಏರಿಸಿಬಿಟ್ಟರು. ಬ್ರಷ್ಷು ಸರಕ್ಕನೆ ತಿರುಗಿ ಅವನ ಪಂಚೆಯ ಅಂಚನ್ನು ಬಾಯಿಗೆ ಹಾಕಿಕೊಂಡಿತು. ಅವನು ಒಂದು ಕೈಯಲ್ಲಿ ಕೊಳವೆ, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದು ಎಳೆದಾಡಿದ. ಪಂಚೆ ಮೊಳಕಾಲಿನವರೆಗೆ ಸುತ್ತಿಕೊಂಡ ಮೇಲೆ ಗುರುಗಳು ಕಣ್ಣು ತೆರೆದು ನಿಲ್ಲಿಸಿದರು.

"ನಾನು ಕೂಗಿದೆ, ಗುರುಗಳೇ."

"ಕೇಳಿಸ್ತು. ನಿನ್ನ ಕೈಗೆ ಗೊತ್ತಾಗಿ, ನಿನ್ನ ಬಾಯಿ ಕೂಗಿ, ನನ್ನ ಕಿವಿಗೆ ಬಿದ್ದು, ನನ್ನ ಕೈ ತಿರುಗಿಸೋದರೊಳಗೆ ಅದರ ಊಟ ಆಗಿತ್ತು."

ಪಂಚಾಕ್ಷರಿ ಹರಿದ ಪಂಚೆ ನೋಡುತ್ತ ನಿಂತ.

"ಹಾಗಾದರೆ ಇದನ್ನು ತಾಯಮ್ಮನ ಕೈಗೇ ಕೊಡಬೇಕು. ಆದರೆ ಅವರು ಕೆಡಿಸಿಬಿಟ್ಟರೆ?"

ಗುರುಗಳು ಪೆಟ್ಟಿಗೆಯನ್ನು ಅವನ ಕೈಗಿಟ್ಟರು.

"ಇಲ್ಲೀತನಕ ಕೆಡಿಸಿದ್ದು ಯಾರು?"

ಮಾರನೆಯ ದಿನ ಅವನು ಕೊಳವೆಯ ಹಿಡಿಯಲ್ಲೇ ಸ್ವಿಚ್ಚು ಕೂರಿಸಲು ಹೊರಟ. ಹಿಡಿಯನ್ನು ಕೈಯಲ್ಲಿ ಹಿಡಿದು ನೋಡಿದ. ಹೆಬ್ಬೆರಳು ಕೂತ ಜಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿದ. ತೂತು ಕೊರೆಯಲು ಬೈರಿಗೆ ಎತ್ತಿಕೊಂಡ.

ಗುರುಗಳು ಹೂವಿನ ಬುಟ್ಟಿ ಹಿಡಿದು ಆ ಕಡೆಯಿಂದ ಹೋಗುತ್ತಿದ್ದರು.

"ಅದು ಯಾರ ಹೆಬ್ಬೆರಳು?"

ಅಷ್ಟು ಕೇಳಿ ಮುಂದೆ ಹೋದರು.

ಪಂಚಾಕ್ಷರಿ ಬೈರಿಗೆ ಕೆಳಗಿಟ್ಟ. ಹೊಳೆಗೆ ಹೋಗಿ ಒಂದು ಹಿಡಿ ಜೇಡಿಮಣ್ಣು ತಂದು ನಾದಿ, ಹಿಡಿಯ ಸುತ್ತ ಮೆತ್ತಿದ. ಅದನ್ನು ಚಿಕ್ಕತಾಯಮ್ಮನ ಹತ್ತಿರ ಒಯ್ದ.

"ಇದನ್ನು ಹಿಡ್ಕೊಂಡು ಗುಡಿಸೋ ಹಾಗೆ ನಾಲ್ಕು ಹೆಜ್ಜೆ ನಡೀರಿ, ತಾಯಮ್ಮ."

ಅವರು ನಡೆದರು. ಮಣ್ಣಿನ ಮೇಲೆ ಬೆರಳುಗಳು ಮೂಡಿದವು. ಅವನು ತನ್ನ ಕೈಯನ್ನು ಆ ಗುರುತಿನ ಮೇಲಿಟ್ಟು ನೋಡಿದ. ಹೊಂದಲಿಲ್ಲ. ತಿರುಗಿಸಿ ಇಟ್ಟ. ಆಗಲೂ ಹೊಂದಲಿಲ್ಲ.

"ಇದು ಎಡಗೈ."

"ಊಂ ಸ್ವಾಮಿ. ಎಲ್ಡು ವರ್ಸದಿಂದ ಎಡಗೈಲೇ ಗುಡುಸ್ತಾ ಇವ್ನಿ. ನೀವು ನೋಡ್ನಿಲ್ವಾ?"

ಅವನು ನೋಡಿರಲಿಲ್ಲ. ದಿನವೂ ಬೆಳಿಗ್ಗೆ ಅವರು ಗುಡಿಸಿದ ಜಾಗದಲ್ಲೇ ಅವನು ಕಣ್ಣು ಮುಚ್ಚಿ ಕೂರುತ್ತಿದ್ದ. ಪಂಚಾಕ್ಷರಿಗೆ ಬಹಳ ನಾಚಿಕೆಯಾಯಿತು.

"ಹೆಬ್ಬೆರಳು ಮಣ್ಣಿಗೆ ಒತ್ತೇ ಇಲ್ಲವಲ್ಲ, ತಾಯಮ್ಮ?"

"ಅದು ಮಡಚಾಕಿಲ್ಲ. ಗೆಣ್ಣು ನೋಯ್ತದೆ. ಈ ಎಲ್ಡು ಬೆಟ್ಟು ಪರ್ವಾಗಿಲ್ಲ" ಎಂದು ತೋರುಬೆರಳು, ನಡುಬೆರಳು ಎತ್ತಿ ತೋರಿಸಿದರು.

ಅವನು ಮೂರು ಹಾಳೆಯ ಲೆಕ್ಕವನ್ನು ಒಲೆಗೆ ಹಾಕಿ ಬಂದ.

ಹಿಡಿಯ ಕೆಳಗೆ, ಆ ಎರಡು ಬೆರಳು ಮಣ್ಣನ್ನು ಒತ್ತಿದ್ದ ಜಾಗದಲ್ಲಿ, ಸೈಕಲ್ಲಿನ ಬ್ರೇಕಿನಂಥ ಸಣ್ಣ ಪಟ್ಟಿಯೊಂದನ್ನು ಕೂರಿಸಿದ. ಒತ್ತಿದರೆ ಬ್ರಷ್ಷು ತಿರುಗಬೇಕು. ಹೆಚ್ಚು ಒತ್ತಿದರೆ ಹೆಚ್ಚು ತಿರುಗಬೇಕು. ಬಿಟ್ಟರೆ ನಿಲ್ಲಬೇಕು. ಸ್ಪ್ರಿಂಗು ಗಡುಸಾಯಿತೆಂದು ಚಿಕ್ಕತಾಯಮ್ಮ ಅಂದರು. ಬದಲಾಯಿಸಿದ. ಈಗ ತೀರ ಸಡಿಲ, ಬೆರಳು ಸೋಕಿದರೂ ಓಡ್ತದೆ ಅಂದರು. ಮತ್ತೆ ಬದಲಾಯಿಸಿದ. ಹೀಗೆ ಆರು ಸ್ಪ್ರಿಂಗು ಆದವು. ಏಳನೆಯದಕ್ಕೆ ಅವರು ಏನೂ ಅನ್ನದೆ ಎರಡು ಸಲ ಒತ್ತಿ ಬಿಟ್ಟರು.

ಶ್ರಾವಣದ ಮೊದಲನೇ ಸೋಮವಾರ ಬಂತು.

ಜನ ಬರುವುದಕ್ಕೆ ಇನ್ನೂ ಒಂದು ಗಂಟೆಯಿತ್ತು. ಗುರುಗಳು ಬಾಗಿಲ ಪಕ್ಕದ ಮಣೆಯ ಮೇಲೆ ಕುಳಿತಿದ್ದರು. ಅವರ ಹಿಂದೆ ಪಂಚಾಕ್ಷರಿ. ಶಿವಮಲ್ಲಪ್ಪ ಕೈಕಟ್ಟಿ ನಿಂತಿದ್ದರು.

ಚಿಕ್ಕತಾಯಮ್ಮ ಹಿಂದಿನ ಗುರುಗಳ ಗದ್ದುಗೆಗೆ ಕೈಮುಗಿದು ಸೆರಗು ಸಿಕ್ಕಿಸಿಕೊಂಡರು. ಎಡಗೈಯಲ್ಲಿ ಕೊಳವೆ ಹಿಡಿದರು.

ಯಂತ್ರ ಸದ್ದು ಮಾಡಿತು. ಅವರು ಎರಡು ಬೆರಳು ಒತ್ತಿದರು. ಬ್ರಷ್ಷು ತಿರುಗಿತು. ಮರಳಿದ್ದ ಕಡೆ ಇನ್ನಷ್ಟು ಒತ್ತಿದರು, ಕಾಳುಕಾಳಾಗಿ ಮರಳು ಕೊಳವೆಯೊಳಗೆ ಸದ್ದುಮಾಡುತ್ತ ಹೋಯಿತು. ಅಂಚು ಬಂದಾಗ ಬೆರಳು ಸಡಿಲಿಸಿದರು. ಬ್ರಷ್ಷು ನಿಂತಿತು. ಕುಚ್ಚುಗಳನ್ನು ಗಾಳಿ ಮಾತ್ರ ಸವರಿಕೊಂಡು ಹೋಯಿತು. ಅಂದು ಕುಚ್ಚು ಕಿತ್ತುಬಂದಿದ್ದ ಜಾಗವನ್ನು ದಾಟುವಾಗ ಅವರು ಪಂಚಾಕ್ಷರಿಯ ಕಡೆ ನೋಡಿ ಸಣ್ಣಗೆ ನಕ್ಕರು.

ಶಿವಮಲ್ಲಪ್ಪ ಬಗ್ಗಿ ಜಮಖಾನಕ್ಕೆ ಅಂಗೈಯಿಂದ ಹೊಡೆದರು. ಏನೂ ಏಳಲಿಲ್ಲ. ಇನ್ನೊಂದು ಕಡೆ ಹೊಡೆದರು. ಅಲ್ಲೂ ಏಳಲಿಲ್ಲ.

"ಸೊಪ್ಪು ಸೋಸೋಕೆ ಬೇರೆ ಯಾರನ್ನಾದ್ರೂ ನೋಡ್ತೀನಿ" ಎಂದು ಅಂಗೈ ಒರೆಸಿಕೊಳ್ಳುತ್ತ ಹೊರಟುಹೋದರು.

ಪಂಚಾಕ್ಷರಿಯ ಎದೆ ಹಿಗ್ಗಿತು. ಗುರುಗಳು ಏನಾದರೂ ಹೇಳುತ್ತಾರೆಂದು ಕಾದ. ಗುರುಗಳು ಚಿಕ್ಕತಾಯಮ್ಮನನ್ನೇ ನೋಡುತ್ತಿದ್ದರು.

ಅವರು ಗದ್ದುಗೆಯ ಮುಂದಕ್ಕೆ ಬಂದಿದ್ದರು. ಹಿಂದಿನ ಗುರುಗಳು ನಲವತ್ತು ವರ್ಷ ಕುಳಿತ ಜಾಗ ಅದು. ಅಲ್ಲಿ ಜಮಖಾನದ ನೂಲು ಸವೆದು ಜಾಲರಿಯಂತಾಗಿತ್ತು. ಚಿಕ್ಕತಾಯಮ್ಮ ಬೆರಳು ಬಿಟ್ಟರು. ಬ್ರಷ್ಷು ನಿಂತಿತು. ಒಂದು ಗಳಿಗೆ ನೋಡಿ, ಕಾಲಿನಿಂದ ಯಂತ್ರವನ್ನೂ ಆರಿಸಿದರು.

ಕೊಳವೆಯನ್ನು ಪಕ್ಕಕ್ಕೆ ಒರಗಿಸಿ ಮೆಲ್ಲಗೆ ಕುಳಿತರು. ಆ ಸವೆದ ಜಾಗವನ್ನು ಅಂಗೈಯಿಂದ ಒರೆಸತೊಡಗಿದರು.

ಮಂದಿರ ಪೂರ್ತಿ ನಿಶ್ಶಬ್ದವಾಯಿತು. ಪಂಚಾಕ್ಷರಿಯ ಮುಖ ಬಾಡಿತು.

"ಗುರುಗಳೇ, ಅವರು ನಿಲ್ಲಿಸಿಬಿಟ್ಟರು."

"ಹೂಂ."

"ಕೈಯಲ್ಲೇ ಒರೆಸ್ತಿದ್ದಾರೆ. ಇನ್ನೂ ಏನೋ ಕೊರತೆ ಇದೆ. ಏನು ಸರಿಮಾಡಲಿ?"

ಗುರುಗಳು ಮಣೆಯಿಂದ ಎದ್ದರು.

"ನಿಲ್ಲಿಸೋಕೆ ನಿನ್ನನ್ನು ಕೂಗಿದಳಾ?"

"ಇಲ್ಲ."

"ಹಾಗಾದರೆ ಮುಗೀತು. ನಡಿ, ಸ್ನಾನಕ್ಕೆ ಹೊತ್ತಾಯ್ತು."